ಹೆಸರು ಹೇಳದೆ ಕೇಳಿ

ಹೊಳನಗದ್ದೆಯ ವಿನುತಾಳಿಗೆ ಸಿಟ್ಟು ಬಂದರೆ ಧ್ವನಿ ಏರುವುದಿಲ್ಲ, ಇನ್ನಷ್ಟು ಸ್ಪಷ್ಟವಾಗುತ್ತದೆ. ಒಂದೊಂದು ಮಾತೂ ಬಿಡಿಬಿಡಿಯಾಗಿ, ದೂರದ ಬೆಂಚಿನಲ್ಲಿ ಕೂತವರಿಗೂ ಕೇಳುವ ಹಾಗೆ ಹೊರಬರುತ್ತದೆ. ಆರು ವರ್ಷ ಕುಮಟಾ ಬಸ್ ನಿಲ್ದಾಣದ ವಿಚಾರಣೆ ಕಿಂಡಿಯೊಳಗೆ ಕೂತು ಮೈಕಿನಲ್ಲಿ ಕೂಗಿದ ಅಭ್ಯಾಸ ಅದು. ಹೊನ್ನಾವರ, ಭಟ್ಕಳ ಕಡೆಗೆ ಹೋಗುವ ಬಸ್ಸು ಇಲ್ಲಿ ನಿಂತಿದೆ, ಮಿರ್ಜಾನ, ಹಿರೇಗುತ್ತಿ, ಅಂಕೋಲಾ ಕಡೆಗೆ ಹೋಗುವ ಬಸ್ಸು ಅಲ್ಲಿ ನಿಂತಿದೆ ಎಂದು ದಿನಕ್ಕೆ ನೂರು ಸಲ ಹೇಳಿದವಳು. ಮುಖ ಕಂಡವರು ಕಡಿಮೆ. ಧ್ವನಿ ಮಾತ್ರ ಮೂರು ತಾಲೂಕಿಗೂ ಗೊತ್ತು.

ಆ ಕಿಂಡಿಯಲ್ಲಿ ಅವಳು ಕಲಿತದ್ದು ಬಸ್ಸಿನ ಸಮಯವನ್ನಲ್ಲ, ಜನ ಹೇಗೆ ಕೇಳುತ್ತಾರೆ ಎಂಬುದನ್ನು. ‘ಭಟ್ಕಳಕ್ಕೆ ಎಷ್ಟು ಗಂಟೆಗೆ ಬಸ್ಸು’ ಎಂದು ನೇರವಾಗಿ ಕೇಳುವವರು ಹತ್ತರಲ್ಲಿ ಒಬ್ಬರು. ಉಳಿದವರೆಲ್ಲ, ‘ನಮ್ಮ ಅಕ್ಕನ ಮನೆ ಶಿರಾಲಿ ಹತ್ರ, ಉಣ್ಣುವ ಹೊತ್ತಿಗೆ ಮುಟ್ತೇವಾ?’ ಎಂದೋ, ‘ಆ ಕೆಂಪು ಬಸ್ ಹೋತಾ, ಗಡ್ಡದ ಕಂಡಕ್ಟರ್‌ದು?’ ಎಂದೋ ಕೇಳುವವರು. ಇದನ್ನೆಲ್ಲ ತಲೆಯೊಳಗೇ ಬಿಡಿಸಿ ಉತ್ತರ ಹೇಳಬೇಕು. ಹೊಸತರಲ್ಲಿ ವಿನುತಾ ಇದರಲ್ಲಿ ಒಂದು ದೊಡ್ಡ ತಪ್ಪು ಮಾಡಿದ್ದಳು.

ಹಿರೇಗುತ್ತಿಯ ಸುಕ್ರಿ ಕುಮಟಾ ಪೇಟೆಗೆ ಬಸಳೆ, ಹರಿವೆ ತಂದು ಮಾರುತ್ತಿದ್ದ ಮುದುಕಿ. ದಿನವೂ ಮಧ್ಯಾಹ್ನ ಬುಟ್ಟಿ ಖಾಲಿ ಮಾಡಿ ಮನೆಗೆ ಹೋಗುವವಳು. ಅವತ್ತು ಬೆಳಿಗ್ಗೆಯೇ ಕಿಂಡಿಯ ಮುಂದೆ ಬಂದು ನಿಂತಳು. ಅವಳು ಬಾಯಿ ತೆರೆಯುವ ಮೊದಲೇ ವಿನುತಾ, ‘ಹಿರೇಗುತ್ತಿಗೆ ಅಲ್ವಾ ಅಜ್ಜಿ? ಅಂಕೋಲಾ ಬಸ್ ನಿಂತದೆ, ಬೇಗ ಹತ್ತಿ’ ಎಂದಳು. ಸುಕ್ರಿ ‘ಹೂಂ’ ಎಂದು ಹೋಗಿ ಹತ್ತಿದಳು. ಅವಳು ಹೋಗಬೇಕಾಗಿದ್ದು ಹೊನ್ನಾವರದ ಆಸ್ಪತ್ರೆಗೆ. ಅಲ್ಲಿ ಅವಳ ಮಗಳು ಹೆರಿಗೆ ನೋವಿನಲ್ಲಿದ್ದಳು. ಮುದುಕಿ ತನ್ನೂರಿಗೇ ಹೋಗಿ ಇಳಿದು, ಮತ್ತೊಂದು ಬಸ್ಸು ಕಾದು, ಹೊನ್ನಾವರ ಮುಟ್ಟುವಷ್ಟರಲ್ಲಿ ಕೂಸು ಹುಟ್ಟಿಯಾಗಿತ್ತು. ಮಗಳು ಒಬ್ಬಳೇ ಅವ್ವಾ ಅವ್ವಾ ಎಂದು ಕೂಗಿ ಸುಸ್ತಾಗಿ ಮಲಗಿದ್ದಳು.

ಮರುವಾರ ವಿನುತಾ ಅಳುತ್ತ, ‘ಅಲ್ಲ ಅಂತ ಹೇಳುಕೆ ಆಗಲಿಲ್ವಾ ಅಜ್ಜಿ?’ ಎಂದು ಕೇಳಿದ್ದಕ್ಕೆ ಸುಕ್ರಿ, ‘ಕಿಂಡಿ ಒಳಗೆ ಕೂತವರು ಹೇಳಿದ ಮೇಲೆ ಅಲ್ಲ ಅನ್ನುಕೆ ಆಗ್ತದಾ ಮಗಾ?’ ಎಂದಳು.

ನಿಲ್ದಾಣದ ಹಳೇ ಕಂಟ್ರೋಲರ್ ದಾಸಣ್ಣ ಅವತ್ತು ಬಯ್ಯಲಿಲ್ಲ. ಚಹಾ ತರಿಸಿಕೊಟ್ಟು ಹೇಳಿದರು: ‘ಬಸ್ಸನ್ನ ಅವರ ಬಾಯಿಗೆ ಹಾಕ್ಬೇಡ ತಂಗಿ. ಎಲ್ಲಿಗೆ ಹೋಗ್ಬೇಕು ಅಂತ ಕೇಳು, ಆಮೇಲೆ ಬಾಯಿ ಮುಚ್ಕೊಂಡು ಕೂರು. ನೀನು ಎಂತ ಹೇಳಿದ್ರೂ ನಮ್ಮ ಜನ ಹೂಂ ಅಂತಾರೆ.’

ಆ ಮಾತನ್ನು ಅವಳು ಮರೆಯಲಿಲ್ಲ. ಅದಾದ ಮೇಲೆ ಒಬ್ಬ ಪ್ರಯಾಣಿಕನನ್ನೂ ತಪ್ಪು ಬಸ್ಸಿಗೆ ಹತ್ತಿಸಲಿಲ್ಲ. ಆಮೇಲೆ ಬಸ್ಸಿನ ಹೆಸರು ತಾನಾಗಿಯೇ ಕೂಗುವ ಯಂತ್ರ ಬಂತು, ಅವಳ ಗುತ್ತಿಗೆ ಮುಗಿಯಿತು. ಮೂರು ತಿಂಗಳು ಮನೆಯಲ್ಲಿ ಕೂತಳು. ಆಗ ಸಿಕ್ಕಿದ್ದೇ ಗುರುದತ್ತನ ಆಫೀಸು.

ಕುಮಟಾ ಪೇಟೆಯಲ್ಲಿ ಒಂದು ಔಷಧಿ ಅಂಗಡಿಯ ಮಾಳಿಗೆಯ ಮೇಲೆ ಮೂರು ಕಂಪ್ಯೂಟರು, ಒಂದು ಎಸಿ, ಗೋಡೆಗೆ ಇಂಗ್ಲಿಷಿನಲ್ಲಿ ಬರೆದ ಉತ್ಸಾಹದ ಮಾತುಗಳು. ಅಂಗಡಿಗಳಿಗೆ, ಹೋಟೆಲುಗಳಿಗೆ ಇಂಟರ್‌ನೆಟ್ಟಿನಲ್ಲಿ ಪ್ರಚಾರ ಮಾಡಿಕೊಡುವುದು ಗುರುದತ್ತನ ಕಸುಬು. ಈಗೆರಡು ವರ್ಷದಿಂದ ಅದಕ್ಕೊಂದು ಹೊಸ ಕೆಲಸ ಸೇರಿತ್ತು. ಜನ ಈಗ ಎಲ್ಲಿ ಉಣ್ಣಬೇಕು, ಎಲ್ಲಿ ತಂಗಬೇಕು ಎಂದು ದಾರಿಯಲ್ಲಿ ಸಿಕ್ಕವರನ್ನು ಕೇಳುವುದಿಲ್ಲ, ಫೋನಿನ ಎಐಯನ್ನು ಕೇಳುತ್ತಾರೆ. ಅದು ಮೂರೋ ನಾಲ್ಕೋ ಹೆಸರು ಹೇಳುತ್ತದೆ. ಆ ಹೆಸರುಗಳಲ್ಲಿ ನಮ್ಮದು ಇದೆಯೋ ಇಲ್ಲವೋ ಎಂಬ ಚಿಂತೆ ಅಂಗಡಿ ಇಟ್ಟವರಿಗೆ. ಹಾಗಾಗಿ ಗಿರಾಕಿಗಳು ಕೇಳಬಹುದಾದ ಪ್ರಶ್ನೆಗಳನ್ನು ಯಾರಾದರೂ ಕೂತು ಬರೆಯಬೇಕು, ವಾರವಾರ ಅವನ್ನು ಎಐಗೆ ಕೇಳಬೇಕು, ಎಷ್ಟು ಉತ್ತರಗಳಲ್ಲಿ ಅಂಗಡಿಯ ಹೆಸರು ಬಂತು ಎಂದು ಗುರುತು ಹಾಕಿಕೊಳ್ಳಬೇಕು. ಆ ಪ್ರಶ್ನೆಗಳಿಗೆ ಆಫೀಸಿನಲ್ಲಿ ಪ್ರಾಂಪ್ಟ್ ಎನ್ನುತ್ತಾರೆ. ಬರೆಯುವ ಕೆಲಸ ವಿನುತಾಳದು.

ಅವಳಿಗೆ ಇದು ನೀರು ಕುಡಿದಷ್ಟು ಸುಲಭವಾಯಿತು. ಆಗಲೇಬೇಕಲ್ಲ, ಆರು ವರ್ಷ ಇನ್ನೇನು ಕೇಳಿಸಿಕೊಂಡಿದ್ದಳು? ‘ಹೊನ್ನಾವರದ ಅತ್ಯುತ್ತಮ ಸಮುದ್ರಾಹಾರ ರೆಸ್ಟೋರೆಂಟ್’ ಎಂಬ ಪುಸ್ತಕದ ಪ್ರಶ್ನೆಯನ್ನು ಅವಳು ಬರೆಯಲಿಲ್ಲ. ‘ಭಟ್ಕಳದಿಂದ ಗೋಕರ್ಣಕ್ಕೆ ಹೊರಟಿದ್ದೇವೆ, ಹೊನ್ನಾವರಕ್ಕೆ ಬರುವಾಗ ಎರಡೂವರೆ ಆಗ್ತದೆ, ಮೀನೂಟ ಮುಗಿಯದ ಜಾಗ ಯಾವುದು?’ ಎಂದು ಬರೆದಳು. ‘ಜೊತೆಗೆ ಸಣ್ಣ ಮಕ್ಕಳಿದ್ದಾರೆ, ಖಾರ ಕಡಿಮೆ ಹಾಕಿಕೊಡುವವರು ಯಾರು?’, ‘ದೊಡ್ಡ ಹೋಟೆಲ್ ಬೇಡ, ಸಾರು ಎರಡನೇ ಸಲ ಕೇಳಿದರೆ ಮುಖ ಗಂಟಿಕ್ಕದವರ ಊಟ ಬೇಕು’ ಎಂದು ಬರೆದಳು. ಹೊನ್ನಾವರದ ಗಂಗಾ ಖಾನಾವಳಿಗಾಗಿ ಇಂಥ ನಲವತ್ತು ಪ್ರಶ್ನೆ ಬರೆದಳು. ಒಂದರಲ್ಲೂ ಖಾನಾವಳಿಯ ಹೆಸರು ಇರಲಿಲ್ಲ. ಯಾಕಿರಬೇಕು? ದಾರಿಯಲ್ಲಿ ಹೋಗುವವನಿಗೆ ಆ ಹೆಸರು ಗೊತ್ತಿದ್ದರೆ ಅವನು ಕೇಳುವುದಾದರೂ ಯಾಕೆ?

ನಲವತ್ತನ್ನೂ ಕೇಳಿದಳು. ನಲವತ್ತು ಉತ್ತರ ಬಂತು. ಗಂಗಾ ಖಾನಾವಳಿಯ ಹೆಸರು ಒಂದರಲ್ಲೂ ಇಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆದು ಗುರುದತ್ತನ ಮೇಜಿನ ಮೇಲಿಟ್ಟಳು.

ಬುಧವಾರ ಆಫೀಸಿಗೆ ಫೋನು ಬಂತು. ಆ ಕಡೆ ಖಾನಾವಳಿಯ ಗಂಗಕ್ಕ. ‘ವಿನುತಾ ಅಂದ್ರೆ ನೀನೇಯಾ ತಂಗಿ? ನಿನ್ನ ರಿಪೋರ್ಟ್ ನೋಡ್ದೆ. ನೂರಕ್ಕೆ ಎಂಬತ್ತೈದು ಅಂತೆ! ಫೋನಲ್ಲಿ ಎಲ್ಲ ನನ್ನ ಹೆಸರೇ ಹೇಳ್ತದಂತೆ. ಆತು, ನಾ ಇನ್ನು ಈ ಓಣಿ ಬಿಟ್ಟು ಎಲ್ಲೂ ಹೋಗುದಿಲ್ಲ.’

ವಿನುತಾ ಬರೆದಿಟ್ಟದ್ದು ಸೊನ್ನೆ. ‘ಎಲ್ಲಿಗೆ ಹೋಗ್ಬೇಕು ಅಂತಿದ್ರಿ ಅಕ್ಕಾ?’ ಎಂದು ಕೇಳಿದಳು.

ಗಂಗಕ್ಕ ಹೇಳಿದಳು. ಅವಳ ಖಾನಾವಳಿ ಇರುವುದು ಪೇಟೆಯ ಹಿಂದಿನ ಓಣಿಯಲ್ಲಿ. ಇಪ್ಪತ್ತೆಂಟು ವರ್ಷದಿಂದ ಅಲ್ಲೇ ಒಲೆ. ಹೆದ್ದಾರಿ ಅಗಲವಾದ ಮೇಲೆ ಕಾರುಗಳು ಪೇಟೆಗೆ ತಿರುಗದೆ ಸೀದಾ ಹೋಗಿಬಿಡುತ್ತವೆ. ಮಧ್ಯಾಹ್ನ ತುಂಬಿರುತ್ತಿದ್ದ ಆರು ಮೇಜಿನಲ್ಲಿ ನಾಲ್ಕು ಖಾಲಿ. ಅಡಿಗೆಗೆ ಇರುವ ಇಬ್ಬರು ಹೆಂಗಸರನ್ನು ಇನ್ನೆಷ್ಟು ದಿನ ಇಟ್ಟುಕೊಳ್ಳಬಹುದೋ ತಿಳಿಯದು. ಭಟ್ಕಳದ ದೇವರಾಜ ಎಂಬವರು ಇಲ್ಲೇ ಹೊನ್ನಾವರದಲ್ಲಿ ಹೆದ್ದಾರಿಗೆ ತಾಗಿಯೇ ಹೊಸ ಕಟ್ಟಡ ಕಟ್ಟಿದ್ದಾರೆ, ಒಂದು ಮಳಿಗೆ ಇವಳಿಗೆ ಕೊಡುತ್ತೇನೆ ಎಂದಿದ್ದಾರೆ, ಶನಿವಾರ ಸಂಜೆಯೊಳಗೆ ಮಾತು ತಿಳಿಸಬೇಕು. ಹೋಗಲೋ ಬೇಡವೋ ಎಂದು ತಿಂಗಳಿನಿಂದ ನಿದ್ದೆ ಇರಲಿಲ್ಲ. ಈಗ ರಿಪೋರ್ಟ್ ನೋಡಿ ಸಮಾಧಾನವಾಯಿತು. ಫೋನೇ ಜನರನ್ನು ಓಣಿಗೆ ಕಳಿಸುತ್ತದೆ ಎಂದ ಮೇಲೆ ಹಳೇ ಒಲೆ ಯಾಕೆ ಕೀಳಬೇಕು?

ಫೋನಿಟ್ಟು ವಿನುತಾ ರಿಪೋರ್ಟ್ ತೆರೆದು ನೋಡಿದಳು. ಅವಳ ನಲವತ್ತು ಪ್ರಶ್ನೆಗಳಲ್ಲಿ ಆರು ಮಾತ್ರ ಉಳಿದಿದ್ದವು. ಬಾಕಿ ಮೂವತ್ನಾಲ್ಕು ಗುರುದತ್ತನವು. ‘ಹೊನ್ನಾವರದ ಗಂಗಾ ಖಾನಾವಳಿಯ ಮೀನೂಟ ಹೇಗಿದೆ?’ ‘ಗಂಗಾ ಖಾನಾವಳಿ ಯಾಕೆ ಇಷ್ಟು ಪ್ರಸಿದ್ಧ?’ ಹೆಸರನ್ನು ಪ್ರಶ್ನೆಯಲ್ಲೇ ತುರುಕಿ ಕೇಳಿದರೆ ಉತ್ತರದಲ್ಲಿ ಹೆಸರು ಬಾರದೆ ಇನ್ನೇನು ಬಂದೀತು? ‘ಗಂಗಾ ಖಾನಾವಳಿ ಸ್ಥಳೀಯರ ಅಚ್ಚುಮೆಚ್ಚಿನ ತಾಣವಾಗಿದೆ’ ಎಂದು ಅದು ಮೂವತ್ನಾಲ್ಕು ಸಲವೂ ಒಪ್ಪಿಕೊಂಡಿತ್ತು. ಥೇಟ್ ಸುಕ್ರಿಯಜ್ಜಿಯ ಹೂಂ.

ಅನುಮಾನ ತೀರಿಸಿಕೊಳ್ಳಲು ವಿನುತಾ ತನ್ನ ಅವ್ವನ ಹೆಸರು ಹಾಕಿ ಕೇಳಿದಳು: ‘ಹೊಳನಗದ್ದೆಯ ತಿಮ್ಮಿ ಖಾನಾವಳಿ ಯಾಕೆ ಇಷ್ಟು ಪ್ರಸಿದ್ಧ?’ ಅಂಥದ್ದೊಂದು ಭೂಮಿಯ ಮೇಲೇ ಇಲ್ಲ. ಅವ್ವ ಮಾಡಿದ ಸಾರನ್ನು ಮನೆಯವರೇ ಕಷ್ಟಪಟ್ಟು ಉಣ್ಣುವುದು. ಎಐ ಮಾತ್ರ ಒಂದಿಷ್ಟೂ ಅಂಜದೆ, ತಿಮ್ಮಿ ಖಾನಾವಳಿ ತಾಜಾ ಮೀನಿಗೂ ಆತ್ಮೀಯ ಸತ್ಕಾರಕ್ಕೂ ಹೆಸರಾಗಿದೆ ಎಂದು ಬರೆಯಿತು! ಬೇರೆ ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದಳು. ಅವತ್ತು ನಗು ಬರಲಿಲ್ಲ. ರಿಪೋರ್ಟಿನ ಕೊನೆಯ ಸಾಲು ಕಣ್ಣಿಗೆ ಬಿದ್ದಿತ್ತು. ‘ಸಿದ್ಧಪಡಿಸಿದವರು: ವಿನುತಾ.’

ಅವಳು ಎದ್ದು ಗುರುದತ್ತನ ಕೋಣೆಗೆ ಹೋದಳು. ‘ಇದು ನಾ ಮಾಡಿದ್ದಲ್ಲ ಸರ್. ನನ್ನ ಹೆಸರು ಯಾಕೆ ಹಾಕಿದ್ರಿ?’

ಗುರುದತ್ತ ಜಗಳಗಂಟನಲ್ಲ. ಬೆಣ್ಣೆಯಂಥ ಮಾತಿನವನು, ಅದೇ ಕಷ್ಟ. ‘ಕೂತ್ಕೊಳ್ಳಿ ವಿನುತಾ. ಇದರಲ್ಲಿ ಸುಳ್ಳು ಎಲ್ಲಿದೆ ಹೇಳಿ? ಪ್ರಶ್ನೆ ಕೇಳಿದ್ದು ನಿಜ. ಉತ್ತರ ಬಂದಿದ್ದೂ ನಿಜ. ಮೊದಲ ತಿಂಗಳೇ ಸೊನ್ನೆ ತೋರಿಸಿದ್ರೆ ಯಾವ ಕ್ಲೈಂಟ್ ಉಳೀತಾರೆ?’

‘ಆ ಹೆಂಗಸು ಇದನ್ನ ನಂಬಿ ಹೆದ್ದಾರಿ ಬದಿಯ ಮಳಿಗೆ ಬಿಡ್ತಾ ಇದೆ ಸರ್.’

‘ಶನಿವಾರ ಅಲ್ಲಿಗೇ ಹೋಗ್ತೇವಲ್ಲ, ಎದುರಿಗೇ ವಿವರಿಸೋಣ. ನಿಮ್ಮ ನಲವತ್ತನ್ನೂ ತೋರಿಸೋಣ. ಆತಾ?’

ವಿನುತಾ ‘ಆತು’ ಎಂದುಬಿಟ್ಟಳು. ಹೊರಗೆ ಬಂದ ಮೇಲೆ ತನ್ನ ಮೇಲೇ ಕೋಪ ಬಂತು. ಅವನು ಬಾಯಿಗೆ ಹಾಕಿದ್ದಕ್ಕೆ ತಾನೂ ಹೂಂ ಎಂದಿದ್ದಳಲ್ಲ! ಗಂಗಕ್ಕನಿಗೆ ಫೋನು ಮಾಡಲು ಎರಡು ಸಲ ಹೊರಟು ಎರಡು ಸಲವೂ ನಿಲ್ಲಿಸಿದಳು. ಕೆಲಸ ಹೋದರೆ ಮತ್ತೆ ಮೂರು ತಿಂಗಳು ಮನೆಯಲ್ಲಿ ಕೂರಬೇಕೆಂಬ ಹೆದರಿಕೆ. ಶನಿವಾರ ಹೇಗೂ ಸರಿಯಾಗುತ್ತದಲ್ಲ ಎಂದು ತನಗೆ ತಾನೇ ಹೇಳಿಕೊಂಡಳು.

ಶನಿವಾರ ಗುರುದತ್ತನ ಕಾರಿನಲ್ಲಿ ಇಬ್ಬರೂ ಹೊನ್ನಾವರಕ್ಕೆ ಹೋದರು. ಊಟದ ಗಡಿಬಿಡಿ ಮುಗಿದು ಮೂರು ಗಂಟೆಯಾಗಿತ್ತು. ಗಂಗಕ್ಕ ಅರವತ್ತರ ಹತ್ತಿರದ ಗಟ್ಟಿ ಹೆಂಗಸು, ಮೊಣಕೈವರೆಗೆ ಮಸಾಲೆಯ ಘಮ. ಮಾತಿಗೆ ಮೊದಲು ಇಬ್ಬರಿಗೂ ಉಣ್ಣಲು ಬಡಿಸಿದಳು. ಹುರಿದ ಬಂಗಡೆ, ಬಳಚಿನ ಸುಕ್ಕಾ, ಮುರುಗಲು ಕಡಿ. ಗುರುದತ್ತ ಬೆರಳು ನೆಕ್ಕಿ ಉಂಡ. ವಿನುತಾ ಅವನ ಲ್ಯಾಪ್‌ಟಾಪ್ ಚೀಲವನ್ನೇ ನೋಡುತ್ತ ಉಂಡಳು.

ಎಲೆ ತೆಗೆದು ಮೇಜು ಒರೆಸಿದ ಮೇಲೆ ಗುರುದತ್ತ ಲ್ಯಾಪ್‌ಟಾಪ್ ಬಿಚ್ಚಿದ. ಬಣ್ಣದ ಗೋಪುರ, ಬಣ್ಣದ ಚಕ್ರ, ಎಲ್ಲದರ ಮೇಲೂ ಎಂಬತ್ತೈದು. ವಿನುತಾಳ ನಲವತ್ತು ಪ್ರಶ್ನೆಗಳು ಈಗ ಬಂದಾವು, ಇನ್ನೊಂದು ಪುಟಕ್ಕೆ ಬಂದಾವು ಎಂದು ಅವಳು ಕಾದಳು. ಬರಲೇ ಇಲ್ಲ. ‘ಮುಂದಿನ ತಿಂಗಳಿಗೆ ತೊಂಬತ್ತು ಮಾಡ್ತೇವೆ ಅಕ್ಕಾ’ ಎಂದು ಅವನು ಮುಚ್ಚಲು ಹೊರಟ.

ಗಂಗಕ್ಕ ಪರದೆಯನ್ನು ನೋಡುತ್ತಲೇ ಇರಲಿಲ್ಲ, ವಿನುತಾಳನ್ನು ನೋಡುತ್ತಿದ್ದಳು. ‘ನಾ ಓದಿದವಳಲ್ಲ ತಂಗಿ. ಈ ಚಕ್ರ ಗಿಕ್ರ ನನಗೆ ತಿಳಿಯೂದಿಲ್ಲ. ಕೆಳಗೆ ನಿನ್ನ ಹೆಸರು ಓದಿ ಹೇಳಿದ್ರು, ಯಾರು ಅಂತ ವಿಚಾರ್ಸಿದೆ. ಬಸ್‌ಸ್ಟ್ಯಾಂಡಲ್ಲಿ ಕೂಗ್ತಿದ್ದವಳು ಅಂದ್ರು. ನನ್ನ ತವರು ಕುಮಟೆ ಕಡೆಯೇ ಅಲ್ವಾ? ನಿನ್ನ ಧ್ವನಿ ಕೇಳಿಯೇ ಬಸ್ ಹತ್ತಿದವಳು ನಾನು, ಒಂದ್ಸಲವೂ ತಪ್ಪಲಿಲ್ಲ. ಅದ್ಕೇ ಇದನ್ನೂ ಎರಡ್ನೇ ಸಲ ಕೇಳ್ಲಿಲ್ಲ.’

ಅಷ್ಟು ಸಾಕಾಯಿತು. ಆರು ವರ್ಷ ಮೈಕಿನ ಮುಂದೆ ಕೂತು ಗಳಿಸಿದ ನಂಬಿಕೆಯನ್ನು ಈ ಮನುಷ್ಯ ಒಂದು ಸಾಲಿನಲ್ಲಿ ಬಳಸಿಕೊಂಡಿದ್ದ. ವಿನುತಾಳ ಧ್ವನಿ ಬಿಡಿಬಿಡಿಯಾಯಿತು.

‘ಸರ್. ಅಕ್ಕನ ಹೆಸರು ಹೇಳದೆ ಒಂದ್ಸಲ ಕೇಳಿ.’

ಗುರುದತ್ತ ನಕ್ಕ. ‘ಅದು ಬೇರೆ ಲೆಕ್ಕ ವಿನುತಾ, ಆಫೀಸಲ್ಲಿ ಮಾತಾಡೋಣ.’

‘ಇಲ್ಲೇ ಮಾತಾಡೋಣ. ಹೆಸರು ಹೇಳದೆ ಕೇಳಿ.’

‘ಹೆಸರು ಹೇಳದೆ ಅಂದ್ರೆ ಎಂತದು?’ ಗಂಗಕ್ಕ ಕೇಳಿದಳು.

‘ನಿಮ್ಮನ್ನ ಗೊತ್ತೇ ಇಲ್ಲದವ ಕಾರಲ್ಲಿ ಬರ್ತಾ ಇದ್ದಾನೆ ಅಕ್ಕಾ. ಅವ ಗಂಗಾ ಖಾನಾವಳಿ ಹೇಗಿದೆ ಅಂತ ಕೇಳ್ತಾನಾ, ಊಟ ಎಲ್ಲಿ ಸಿಗ್ತದೆ ಅಂತ ಕೇಳ್ತಾನಾ? ಈ ಎಂಬತ್ತೈದು ಬಂದದ್ದು ನಿಮ್ಮ ಹೆಸರು ಮೊದಲೇ ಹೇಳಿಕೊಟ್ಟು ಕೇಳಿದ್ದಕ್ಕೆ.’

ಗಂಗಕ್ಕ ಕೈ ಚಾಚಿದಳು. ವಿನುತಾ ತನ್ನ ಫೋನು ಕೊಟ್ಟಳು. ಗಂಗಕ್ಕ ಅದನ್ನು ಬಾಯಿಯ ಹತ್ತಿರ ಹಿಡಿದು, ಅಂಗಡಿಯ ಮುಂದೆ ನಿಂತ ಅಪರಿಚಿತೆಯ ಹಾಗೆ ಕೇಳಿದಳು: ‘ಹೊನ್ನಾವರದಲ್ಲಿ ಒಳ್ಳೆ ಮೀನೂಟ ಎಲ್ಲಿ ಸಿಗ್ತದೆ?’

ಫೋನು ನಾಲ್ಕು ಹೆಸರು ಓದಿತು. ಅವುಗಳಲ್ಲಿ ಒಂದು ಬಾಗಿಲು ಹಾಕಿ ಎರಡು ವರ್ಷವಾಗಿತ್ತು. ಗಂಗಕ್ಕನದು ಇರಲಿಲ್ಲ.

‘ಮನೆ ಊಟದ ಹಾಗೆ ಇರ್ಬೇಕು’ ಎಂದು ಮತ್ತೆ ಕೇಳಿದಳು. ಇರಲಿಲ್ಲ. ‘ಪೇಟೆ ಒಳಗೆ, ಓಣಿಯಲ್ಲಿದ್ರೂ ಅಡ್ಡಿಲ್ಲ’ ಎಂದಳು. ಆಗಲೂ ಇರಲಿಲ್ಲ. ಇಪ್ಪತ್ತೆಂಟು ವರ್ಷ ಊರಿಗೆ ಅನ್ನ ಹಾಕಿದ ಹೆಂಗಸು ತನ್ನದೇ ಮೇಜಿನ ಮುಂದೆ ಕೂತು, ತನ್ನ ಓಣಿಯ ದಾರಿಯನ್ನೂ ಹೇಳಿಕೊಟ್ಟು, ತನ್ನ ಹೆಸರಿಗಾಗಿ ಕಾಯುತ್ತಿದ್ದಳು. ಒಳಗೆ ಪಾತ್ರೆ ತೊಳೆಯುತ್ತಿದ್ದ ಇಬ್ಬರೂ ಬಂದು ಬಾಗಿಲಲ್ಲಿ ನಿಂತರು.

ಗಂಗಕ್ಕ ಫೋನು ಕೆಳಗಿಟ್ಟಳು. ಮೊದಲು ತಿರುಗಿದ್ದು ವಿನುತಾಳ ಕಡೆಗೇ. ‘ಇದು ನಿನಗೆ ಯಾವಾಗಿಂದ ಗೊತ್ತು?’

‘ಬುಧವಾರದಿಂದ ಅಕ್ಕಾ.’

‘ಬುಧವಾರ! ಇವತ್ತು ಎಂತ ವಾರ?’

ವಿನುತಾ ತಲೆ ತಗ್ಗಿಸಲಿಲ್ಲ. ‘ಶನಿವಾರ. ಕೆಲಸ ಹೋಗ್ತದೆ ಅಂತ ಹೆದ್ರಿದೆ. ತಪ್ಪಾತು.’

ಆಮೇಲೆ ಗಂಗಕ್ಕ ಗುರುದತ್ತನಿಗೆ ಹೇಳಿದ್ದನ್ನೆಲ್ಲ ಬರೆಯುವ ಹಾಗಿಲ್ಲ. ಬರೆಯಬಹುದಾದದ್ದು ಇಷ್ಟು: ‘ನನ್ನ ಮೀನು ಚಂದ ಇದೆ ಅಂತ ನಿನ್ನ ಮಿಷಿನ್ ಹೇಳುದು ಬೇಡ ನನಗೆ. ಈಗ ಉಂಡ್ಯಲ್ಲ, ನಿನ್ನ ಬಾಯಿಗೇ ಗೊತ್ತು. ಜನ ಬರ್ತಾರಾ ಇಲ್ವಾ ಅಂತ ನಾ ಕೇಳಿದ್ದು. ಅದಕ್ಕೆ ಇಲ್ಲ ಅಂತ ಹೇಳುಕೆ ನಿನಗೆ ನಾಲಿಗೆ ಇರಲಿಲ್ಲ. ಈ ಇಬ್ರು ಹೆಂಗಸ್ರು ನಾಳೆ ಎಲ್ಲಿಗೆ ಹೋಗ್ಬೇಕಿತ್ತು? ನಿನ್ನ ಚಕ್ರದ ಮೇಲೆ ಕೂರ್ಬೇಕಿತ್ತಾ?’

ಅವನು ಏನೋ ಹೇಳಲು ಹೋದ. ಅವಳು ಆಗಲೇ ಭಟ್ಕಳದ ದೇವರಾಜರಿಗೆ ಫೋನು ಹಚ್ಚಿದ್ದಳು. ಮಳಿಗೆಗೆ ಬೇರೆಯವರು ಆರು ಗಂಟೆಗೆ ಬರುತ್ತಾರೆ, ಅದಕ್ಕೂ ಮೊದಲು ನೀವೇ ಬಂದು ಮಾತು ಕೊಟ್ಟರೆ ನಿಮಗೇ ಎಂದರು ಅವರು.

‘ನಾನು ಕಾರಲ್ಲಿ ಬಿಡ್ತೇನೆ ಅಕ್ಕಾ’ ಎಂದ ಗುರುದತ್ತ.

‘ನಿನ್ನ ಕಾರು ಯಾವ ಊರಿಗೆ ಹೋಗ್ತದೋ ಯಾರಿಗೆ ಗೊತ್ತು’ ಎಂದು ಗಂಗಕ್ಕ ಸೀರೆ ಬದಲಿಸಲು ಒಳಗೆ ಹೋದಳು. ಹೊರಗೆ ಬಂದವಳು ವಿನುತಾಳನ್ನು ಕೇಳಿದಳು: ‘ಭಟ್ಕಳಕ್ಕೆ ಈಗ ಎಂತ ಬಸ್ ಇದೆ?’

ಮೊದಲಾಗಿದ್ದರೆ ಬಾಯಿಪಾಠವಿತ್ತು. ‘ನಾ ಬಿಟ್ಟು ಎರಡು ವರ್ಷ ಆತು ಅಕ್ಕಾ. ಈಗಿನದ್ದು ಗೊತ್ತಿಲ್ಲ. ಸ್ಟ್ಯಾಂಡಿಗೆ ಹೋಗಿ ಕೇಳ್ವಾ, ನಾನೂ ಬರ್ತೆ’ ಎಂದಳು ವಿನುತಾ.

ಗಂಗಕ್ಕ ಚಪ್ಪಲಿ ಮೆಟ್ಟಿದಳು. ‘ನಡಿ’ ಎಂದಳು.

ಮಳಿಗೆ ಗಂಗಕ್ಕನಿಗೇ ಸಿಕ್ಕಿತು, ಅದನ್ನು ಇಲ್ಲೇ ಹೇಳಿಬಿಡಬೇಕು. ಐದು ಮುಕ್ಕಾಲಿಗೆ ಇಬ್ಬರೂ ದೇವರಾಜರ ಮನೆಯ ಜಗಲಿಯಲ್ಲಿದ್ದರು. ವಿನುತಾಳ ಕೆಲಸ ಅವತ್ತೇ ಹೋಯಿತು. ಈಗ ಅವಳು ಹೊಳನಗದ್ದೆಯ ಮನೆಯಲ್ಲೇ ಕೂತು ಗಂಗಕ್ಕನಿಗೂ ಇನ್ನು ನಾಲ್ಕಾರು ಅಂಗಡಿಯವರಿಗೂ ಪ್ರಶ್ನೆ ಬರೆಯುತ್ತಾಳೆ. ಪ್ರತಿ ಸೋಮವಾರ ನಲವತ್ತು ಪ್ರಶ್ನೆ, ಹೆಸರು ಹೇಳದೆ. ಹೋದ ಸೋಮವಾರ ಗಂಗಕ್ಕನ ಹೆಸರು ಮೂರರಲ್ಲಿ ಬಂದಿತ್ತು. ವಿನುತಾ ಮೂರು ಎಂದೇ ಬರೆದಳು.

ಆದರೆ ಅವತ್ತು ಹೊನ್ನಾವರ ನಿಲ್ದಾಣದಲ್ಲಿ ನಡೆದದ್ದನ್ನು ಅವಳು ಇವತ್ತಿಗೂ ಹೇಳಿಕೊಳ್ಳುತ್ತಾಳೆ. ಇಬ್ಬರೂ ಏದುಸಿರು ಬಿಡುತ್ತ ವಿಚಾರಣೆ ಕಿಂಡಿಯ ಮುಂದೆ ಹೋಗಿ ನಿಂತಿದ್ದರು. ಒಳಗಿದ್ದ ಗುಮಾಸ್ತ ತಲೆ ಎತ್ತದೆ, ‘ಕುಮಟೆಗೆ ಅಲ್ವಾ? ಅಲ್ಲಿ ನಿಂತದೆ, ಹತ್ತಿ’ ಎಂದ.

ವಿನುತಾ ಬಾಯಿ ತೆರೆಯುವಷ್ಟರಲ್ಲಿ ಗಂಗಕ್ಕ ಕಿಂಡಿಯ ಕಂಬಿ ಹಿಡಿದು ಬಗ್ಗಿದಳು.

‘ಅಲ್ಲ’ ಎಂದಳು. ‘ನೀ ಹೇಳ್ಬೇಡ ತಮ್ಮಾ, ಕೇಳು. ನಾ ಹೋಗುದು ಭಟ್ಕಳಕ್ಕೆ.’